ಕಾಗೆ ಬಂಗಾರದ ಮೇಲೊಂದು ಗೆರೆ

"ಹುಡಗಿ ಕೈ ಒದ್ದಿ ಇತ್ತು, ಅದಕ್ಕ ಕರೆಂಟ್ ಹೊಡೀತು ಅಂತ ಎಲ್ಲಾರೂ ಹೇಳಾಕತ್ತಾರ. ಆದರೂ ನಿನ್ನ ಬಾಯಿಲೆ ಒಮ್ಮಿ ಕೇಳೂಣು ಅಂತ ಬಂದೆ ಸಾವಕ್ಕ," ಎಂದಳು ಬಸಕ್ಕ, ಡಬ್ಬಿ ಅಂಗಡಿಯ ಹಲಗೆಯ ಮೇಲೆ ಮೊಣಕೈ ಊರಿ.

ಸಾವಕ್ಕ ತಲೆ ಎತ್ತಲಿಲ್ಲ. ಅವಳ ತೊಡೆಯ ಮೇಲೆ ಒಂದು ಇಸ್ತ್ರಿ ಪೆಟ್ಟಿಗೆ ಬಾಯಿ ತೆರೆದು ಮಲಗಿತ್ತು. ಅದರ ಹೊಟ್ಟೆಯೊಳಗಿನ ಸುಟ್ಟ ತಂತಿಯನ್ನು ಬೆರಳ ತುದಿಯಿಂದಲೇ ಹುಡುಕಿ ಹುಡುಕಿ ಎಳೆಯುತ್ತಿದ್ದಳು. ಸಂಶಿಯ ಬಸ್ ಸ್ಟ್ಯಾಂಡಿನ ಎದುರಿಗೆ, ರಮಜಾನನ ಸೈಕಲ್ ಅಂಗಡಿಯ ಬಾಜೂಕ ಸಿಕ್ಕಿಸಿದಂತೆ ನಿಂತಿರುವ ಈ ತಗಡಿನ ಡಬ್ಬಿಯಲ್ಲಿ ಕೂತು ಅವಳಿಗೆ ಇಪ್ಪತ್ತಾರು ವರ್ಷ. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಹೀಟರು, ಕರೆಂಟಿನ ಒಲೆ, ಬಿಸಿಯಾಗುವ ಸಾಮಾನು ಯಾವುದೇ ಇರಲಿ, ಸುತ್ತಲಿನ ಹತ್ತು ಹಳ್ಳಿಯವರು ಚೀಲದಲ್ಲಿ ಹಾಕಿಕೊಂಡು ಅವಳ ಮುಂದೆ ತಂದಿಡುತ್ತಾರೆ. ಗಂಡಸರು ರಿಪೇರಿ ಮಾಡಿ ಕೈಬಿಟ್ಟದ್ದೂ ಕಡೆಗೆ ಅವಳ ಹತ್ತಿರವೇ ಬರುತ್ತದೆ. ಇಸ್ತ್ರಿ ಸಾವಕ್ಕ ಎಂದರೆ ಕುಂದಗೋಳದ ತನಕ ಗೊತ್ತು.

ಬಸಕ್ಕ ಊರಿನ ಹೆಣ್ಣುಮಕ್ಕಳ ಸಂಘದ ಹಿರಿಯಳು. ಹಳೆಯ ಹತ್ತಿ ಗೋದಾಮಿನಲ್ಲಿ ಸಂಘದವರು ಎರಡು ಮಶೀನು ಇಟ್ಟುಕೊಂಡು ಮುತ್ತಲ ಎಲೆಯ ಪತ್ರಾವಳಿ ಒತ್ತುತ್ತಾರೆ. ಎಲೆ ಕಲಘಟಗಿ ಕಡೆಯಿಂದ ಬಸ್ಸಿನಲ್ಲಿ ಕಟ್ಟು ಕಟ್ಟಾಗಿ ಬರುತ್ತದೆ. ಕಡ್ಡಿ ಚುಚ್ಚಿ ಹೊಲಿದ ಎಲೆಗೆ ನೀರು ಚಿಮುಕಿಸಿ, ಬಿಸಿ ಅಚ್ಚಿನ ಮೇಲಿಟ್ಟು ಹಿಡಿಕೆ ಜಗ್ಗಿದರೆ ಅದು ತಾಟಿನ ಆಕಾರಕ್ಕೆ ಬರುತ್ತದೆ. ಎರಡನೇ ಮಶೀನಿನ ಅಚ್ಚು ಕಾಯಿಸುವ ಹೀಟರು ಹೋದ ತಿಂಗಳು ಸುಟ್ಟಾಗ, ಹುಬ್ಬಳ್ಳಿಯಿಂದ ಹೊಸದು ಬರಲು ಹದಿನೈದು ದಿನ ಬೇಕು ಎಂದಿದ್ದರು. ಸಾವಕ್ಕ ಎರಡೇ ದಿನದಲ್ಲಿ ಮಾಡಿಕೊಟ್ಟಿದ್ದಳು.

ಅದೇ ಮಶೀನು ನಿನ್ನೆ ಮಧ್ಯಾಹ್ನ ಸಂಘದ ಹುಡುಗಿ ಶೈಲಾಳನ್ನು ಹಿಂದಕ್ಕೆ ಒಗೆದಿತ್ತು. ಹಿಡಿಕೆ ಜಗ್ಗಿದ್ದೇ ತಡ, ಎಗರಿ ಎಲೆಯ ಕಟ್ಟುಗಳ ಮೇಲೆ ಬಿದ್ದಳಂತೆ. ಬಲಗೈ ಸಂಜೆಯ ತನಕ ಜುಮುಗುಟ್ಟುತ್ತಿತ್ತಂತೆ. ಬಸಕ್ಕ ಹುಬ್ಬಳ್ಳಿಯ ಮೆಕ್ಯಾನಿಕನಿಗೆ ಫೋನು ಹಚ್ಚಿದರೆ ಅವನು ಊಟ ಮಾಡುತ್ತಲೇ ಉತ್ತರ ಕೊಟ್ಟ: ಒದ್ದೆ ಕೈಯಿಂದ ಮುಟ್ಟಿರಬೇಕು, ಅಂಥವರನ್ನು ಮಶೀನಿಗೆ ಹಚ್ಚಬೇಡಿ. ಸೆರಗಿಗೆ ಕೈ ಒರೆಸಿಕೊಂಡೇ ಹಿಡಿದಿದ್ದೆ ಎಂದು ಶೈಲಾ ಹತ್ತು ಸಲ ಹೇಳಿದ್ದಳು. ಹತ್ತು ಸಲ ಹೇಳಿದ್ದಕ್ಕೇ ಯಾರೂ ನಂಬಲಿಲ್ಲವೋ ಏನೋ. ಹಿಂದೊಮ್ಮೆ ಅವಳು ಎಲೆ ಕಪ್ಪು ಮಾಡಿದ್ದಳು, ಇನ್ನೊಮ್ಮೆ ನೀರಿನ ಬಕೆಟ್ಟು ಒದ್ದು ಕೆಡವಿದ್ದಳು. ಅವೆಲ್ಲ ಈಗ ಎಲ್ಲರಿಗೂ ಒಟ್ಟಿಗೇ ನೆನಪಾದವು. ಬೆಳಗಾಗುವುದರೊಳಗೆ ಕೈಗೇಡಿ ಎಂಬ ಹೆಸರು ಅವಳಿಗೆ ಅಂಟಿಬಿಟ್ಟಿತ್ತು.

"ಅದು ನಾ ಮಾಡಿದ ಹೀಟರ್, ಬಸಕ್ಕ," ಎಂದಳು ಸಾವಕ್ಕ. "ನನ್ನ ಗಂಡ ಯಾವ ದೀಪಕ್ಕೂ ಕತ್ತರಿಸದನ ಇಟ್ಟಿದ್ದ ಕಾಗಿ ಬಂಗಾರದ ಹಾಳಿ ಹಾಕೇನಿ ಅದಕ್ಕ. ಅದನ್ನ ದಾಟಿ ಕರೆಂಟ್ ಹೊರಗ ಬರತೈತಿ ಅಂದ್ರ ನಾ ನಂಬಂಗಿಲ್ಲ. ಆ ಹುಡಗಿ ಕೈ ಒದ್ದಿನ ಇರಬೇಕ ತಗೋ."

"ನೀ ಇಷ್ಟ ಅಂದ್ರ ಸಾಕು. ಆಕಿನ್ನ ಎಲಿ ಆರಸಾಕ ಕುಂದ್ರಸ್ತೀನಿ. ಆದರ ಮಶೀನ್ ಮುಟ್ಟಾಕ ಒಬ್ಬಾಕಿನೂ ಮುಂದ ಬರವಲ್ಲಳು. ನೀ ಬಂದು ಎಲ್ಲಾರ ಮುಂದ ಬಿಚ್ಚಿ ನೋಡಿ, ಏನೂ ಆಗಿಲ್ಲ ಅಂತ ಒಂದ ಮಾತ ಹೇಳಿಬಿಡು."

ನವಲಗುಂದದ ಒಂದು ಮನೆತನದವರು ಗುರುವಾರ ಯಮನೂರಿನಲ್ಲಿ ಹರಕೆಯ ಊಟ ಹಾಕುವವರಿದ್ದರು. ಪತ್ರಾವಳಿಯ ಗಂಟುಗಳು ನಾಳೆ ಸಂಜೆಯ ಬಸ್ಸಿಗೆ ಹೋಗಬೇಕು. ಒಂದೇ ಮಶೀನಿನಿಂದ ಅದು ಆಗುವ ಕೆಲಸವಲ್ಲ.

ಸಾವಕ್ಕ ಇಸ್ತ್ರಿ ಪೆಟ್ಟಿಗೆಯನ್ನು ಬದಿಗಿಟ್ಟು, ಚೀಲಕ್ಕೆ ಸ್ಕ್ರೂಡ್ರೈವರು, ಪಕ್ಕಡು, ಟೆಸ್ಟರು ಹಾಕಿಕೊಂಡಳು. ಸ್ವಲ್ಪ ಯೋಚಿಸಿ, ಮೂಲೆಯ ಟ್ರಂಕು ತೆಗೆದು, ಹಳೆಯ ಧೋತರದಲ್ಲಿ ಸುತ್ತಿಟ್ಟ ಇನ್ನೊಂದು ಹಾಳೆಯನ್ನೂ ಎತ್ತಿಕೊಂಡಳು. ಕೆಲಸಕ್ಕೆ ಹೋಗುವಾಗ ಬರಿಗೈಯಲ್ಲಿ ಹೋಗುವ ಚಟ ಅವಳದಲ್ಲ.

"ಯಕ್ಕಾ, ಸಂಘದಾಕಿ ಬಂದು ಕರಕೊಂಡು ಹೊಂಟಾಳಂದ್ರ ಒಂದೋ ಸನ್ಮಾನ, ಇಲ್ಲಾ ಪಂಚಾಯ್ತಿ," ಎಂದ ರಮಜಾನ್, ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಾ.

"ಎರಡರಾಗೂ ಚಾ ಕೊಡ್ತಾರ. ನೀ ಡಬ್ಬಿ ಕಡೆ ಲಕ್ಷ್ಯ ಇಡು," ಎಂದು ಸಾವಕ್ಕ ಮೆಟ್ಟಿಲಿಳಿದಳು.

ಆ ಹಾಳೆಯ ಕಥೆ ಹೇಳದಿದ್ದರೆ ಸಾವಕ್ಕನ ಕಥೆ ಅರ್ಧವೇ ಆಗುತ್ತದೆ. ಅಂಗಡಿಯವರು ಅದಕ್ಕೆ ಮೈಕಾ ಎನ್ನುತ್ತಾರೆ, ಓದಿದವರು ಅಭ್ರಕ ಎನ್ನುತ್ತಾರೆ. ಅವಳ ಗಂಡ ಅಮೋಘಸಿದ್ದಪ್ಪ ಕಾಗಿ ಬಂಗಾರ ಎನ್ನುತ್ತಿದ್ದ. ನೆಲದಲ್ಲಿ ಹುಟ್ಟುವ ಕಲ್ಲು ಅದು, ಆದರೆ ಕಲ್ಲಿನ ಒಂದು ಗುಣವೂ ಅದಕ್ಕಿಲ್ಲ. ಚಾಕುವಿನ ತುದಿ ಹಾಕಿದರೆ ಉಳ್ಳಾಗಡ್ಡಿಯ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ಬಿಡಿಸಿದಷ್ಟೂ ತೆಳ್ಳಗಾಗಿ, ಕಡೆಗೆ ಕಣ್ಣಿಗೆ ಹಿಡಿದರೆ ಆಚೆ ಕೂತವರ ಮೂಗುತಿ ಕಾಣುತ್ತದೆ. ಬಗ್ಗಿಸಿದರೆ ಬಗ್ಗುತ್ತದೆ, ಬಿಟ್ಟರೆ ಮತ್ತೆ ನೆಟ್ಟಗಾಗುತ್ತದೆ. ಬೆಂಕಿಗೆ ಹಾಕಿದರೆ ಸುಡುವುದಿಲ್ಲ.

ಅಮೋಘಸಿದ್ದಪ್ಪ ಗ್ಯಾಸ್ ಬತ್ತಿ ಬಾಡಿಗೆಗೆ ಕೊಡುತ್ತಿದ್ದವ. ಮದುವೆಯ ಮೆರವಣಿಗೆ, ಬಯಲಾಟ, ಭಜನೆ, ಎಲ್ಲಿ ಬೆಳಕು ಬೇಕೋ ಅಲ್ಲಿಗೆ ಅವನ ಹನ್ನೆರಡು ಬತ್ತಿ ಹೋಗುತ್ತಿದ್ದವು. ಮದುವೆಯಾಗಿ ಬಂದ ವರ್ಷವೇ ಸಾವಕ್ಕ ತಲೆಯ ಮೇಲೆ ಸಿಂಬೆ ಇಟ್ಟು ಬತ್ತಿ ಹೊತ್ತವಳು. ಬೇರೆಯವರ ಬತ್ತಿಗೆ ಗಾಜಿನ ಬುರುಡೆ ಇರುತ್ತಿತ್ತು. ಅಕಾಲದಲ್ಲಿ ನಾಲ್ಕು ಹನಿ ಮಳೆ ಬಿದ್ದರೆ ಕಾದ ಗಾಜು ಚಟ್ಟೆಂದು ಸೀಳಿ ಮೆರವಣಿಗೆ ಕತ್ತಲಾಗುತ್ತಿತ್ತು. ಅಮೋಘಸಿದ್ದಪ್ಪನ ಬತ್ತಿಗೆ ಕಾಗಿ ಬಂಗಾರದ ಬುರುಡೆ. ಮಳೆ ಹನಿ ಬಿದ್ದರೆ ಚುಸ್ ಎಂದು ಆವಿಯಾಗಿ ಹೋಗುತ್ತಿತ್ತು, ಅಷ್ಟೇ. ಮದುಮಗನ ಕುದುರೆಯೂ ಹೆದರಿ ನಿಂತ ಮಳೆಯಲ್ಲಿ ತನ್ನ ತಲೆಯ ಮೇಲಿನ ಬತ್ತಿಯೊಂದೇ ಉರಿಯುತ್ತಿತ್ತು ಎಂದು ಸಾವಕ್ಕ ಹೇಳತೊಡಗಿದರೆ ಕೇಳುವವರಿಗೆ ಬಸ್ಸು ತಪ್ಪುತ್ತದೆ.

ಜನರೇಟರು ಬಂತು, ಬತ್ತಿ ಹೋದವು. ಗಂಡನೂ ಹೋದ. ಉಳಿದದ್ದು ಹಾಳೆಗಳ ಟ್ರಂಕು. ಒಂದು ದಿನ ಮನೆಯ ಇಸ್ತ್ರಿ ಪೆಟ್ಟಿಗೆ ಕೆಟ್ಟಿತೆಂದು ಸಾವಕ್ಕ ಸುಮ್ಮನೆ ಬಿಚ್ಚಿ ನೋಡಿದರೆ ಒಳಗೆ ಅದೇ ಕಾಗಿ ಬಂಗಾರ. ಹಾಳೆಗೆ ಸುತ್ತಿದ ಪಟ್ಟಿ ತಂತಿ, ಮೇಲೊಂದು ಹಾಳೆ, ಕೆಳಗೊಂದು ಹಾಳೆ. ತಂತಿಯ ಬಿಸಿಯನ್ನು ಕಬ್ಬಿಣಕ್ಕೆ ದಾಟಿಸುತ್ತದೆ, ಕರೆಂಟನ್ನು ಮಾತ್ರ ಒಳಗೇ ಹಿಡಿದಿಡುತ್ತದೆ. ಯಾರೂ ಕಲಿಸದೆ, ಅಂದು ಸಂಜೆಯೊಳಗೆ ಅವಳು ಅದನ್ನು ಸರಿ ಮಾಡಿದ್ದಳು. ಗುರುತು ಹಾಕಲು ದಬ್ಬಣ, ಕತ್ತರಿಸಲು ಗಂಡನ ಹಳೆಯ ಕತ್ತರಿ. ಇಪ್ಪತ್ತಾರು ವರ್ಷ ಅವಷ್ಟೇ ಸಾಮಾನು.

ಈಗೊಂದು ವರ್ಷದಿಂದ ಮಾತ್ರ ಒಂದು ಸಂಗತಿ ಇತ್ತು, ಅದನ್ನು ಸಾವಕ್ಕ ಯಾರಿಗೂ ಹೇಳಿರಲಿಲ್ಲ. ಅವಳ ಕಣ್ಣಿಗೆ ಮಂಜು ಕವಿಯುತ್ತಿತ್ತು. ಬಸ್ಸಿನ ಬೋರ್ಡು ಅವಳು ಎಂದೂ ಓದಿದವಳಲ್ಲ, ಹಾಗಾಗಿ ಅದು ಮಸುಕಾದದ್ದರಿಂದ ನಷ್ಟವೇನೂ ಆಗಲಿಲ್ಲ. ಗಿರಾಕಿಗಳನ್ನು ಧ್ವನಿಯಿಂದ, ಕೆಮ್ಮಿನಿಂದ, ಚಪ್ಪಲಿಯ ಸಪ್ಪಳದಿಂದ ಗುರುತು ಹಿಡಿದು ಹೆಸರು ಹಚ್ಚಿ ಮಾತಾಡಿಸುತ್ತಿದ್ದಳು. ಅವರು, ಇಷ್ಟು ದೂರದಿಂದ ಗುರುತು ಹಿಡಿದೆಯಲ್ಲ, ನಿನ್ನದು ಹದ್ದಿನ ಕಣ್ಣು ಎನ್ನುತ್ತಿದ್ದರು. ಅವಳು ಹೌದು ಎನ್ನುತ್ತಿದ್ದಳು.

ಗೋದಾಮಿನ ಬಾಗಿಲಲ್ಲಿ ಒದ್ದೆ ಎಲೆಯ ವಾಸನೆ ಇತ್ತು. ಶ್ರಾವಣದ ಜಿಟಿಜಿಟಿ ಮಳೆ ಆಗಷ್ಟೇ ನಿಂತು ಅಂಗಳಕ್ಕೆ ಬಿಸಿಲು ಬಿದ್ದಿತ್ತು. ಒಳಗೆ ಏಳೆಂಟು ಹೆಂಗಸರು. ಮೊದಲನೇ ಮಶೀನಿನ ಮುಂದೆ ಮುಬಶಿರಾ ನಿಂತಿದ್ದಳು, ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಚುರುಕಿನ ಹುಡುಗಿ. ಶೈಲಾ ಮೂಲೆಯಲ್ಲಿ ಎಲೆಯ ರಾಶಿಯ ಮುಂದೆ ಕೂತು ತೂತಿನ ಎಲೆಗಳನ್ನು ಬೇರೆ ಮಾಡುತ್ತಿದ್ದಳು. ಬಸಕ್ಕ ಹೇಳುವ ಮೊದಲೇ ಅವಳು ಅಲ್ಲಿ ಹೋಗಿ ಕೂತಿದ್ದಳು. ಸಂಘಕ್ಕೆ ಮಶೀನು ಬಂದಾಗ ಎಲ್ಲರಿಗಿಂತ ಮೊದಲು ಅದನ್ನು ಕಲಿತವಳು ಇವಳೇ, ಉಳಿದವರಿಗೆ ಕಲಿಸಿದವಳೂ ಇವಳೇ.

ಸಾವಕ್ಕ ಮೇನ್ ತೆಗೆಸಿ, ಮಶೀನಿನ ಮುಂದೆ ಗೋಣಿ ಹಾಸಿಕೊಂಡು ಕೂತಳು. ಮೊದಲು ಪ್ಲಗ್ಗು ನೋಡಿದಳು. ಮೂರು ಕಾಲಿನ ಪ್ಲಗ್ಗು, ಆದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ, ಗೋಡೆಯೊಳಗಿನ ಭೂಮಿ ತಂತಿ ಎಂದೋ ತುಂಡಾಗಿ ಜೋತುಬಿದ್ದಿತ್ತು. ಇದ್ದಿದ್ದರೆ ಹೀಗೆ ಹೊಡೆಯುತ್ತಿರಲಿಲ್ಲ. ಸಾವಕ್ಕನಿಗೆ ಒಳಗೊಳಗೇ ಸಮಾಧಾನವಾಯಿತು. ಒದ್ದೆ ಕೈ, ಭೂಮಿ ತಂತಿ ಇಲ್ಲದ ಗೋಡೆ. ಹೇಳಲು ಎರಡು ಕಾರಣ ಸಿಕ್ಕವು, ಎರಡೂ ತನ್ನವಲ್ಲ. ತಂತಿ ತೋರಿಸಿ ಬಸಕ್ಕನಿಗೆ ಚೆನ್ನಾಗಿ ಬೈದಳು. ಬಸಕ್ಕ ಬೈಸಿಕೊಂಡಳು. ಇಷ್ಟೇ ಅಲ್ಲವೇ, ಇವತ್ತೇ ಹಾಕಿಸುತ್ತೇನೆ, ಇನ್ನು ಹೀಟರಿನದೇನೂ ಇಲ್ಲ ಎಂದು ಹೇಳಿಬಿಡು ಎಂದಳು.

"ತಡಿ. ಬಿಚ್ಚದ ಹೆಂಗ ಹೇಳ್ಲಿ?" ಎಂದಳು ಸಾವಕ್ಕ.

ಅಚ್ಚಿನ ಕೆಳಗಿನ ತಗಡು ಬಿಚ್ಚಿದಳು. ತನ್ನ ಹೀಟರು, ತನ್ನದೇ ಕೈಯ ಕೆಲಸ. ಮೇಲಿನ ಹಾಳೆ ಎತ್ತಿದಳು, ನುಣುಪು. ಕೆಳಗಿನದು ಎತ್ತಿದಳು, ಅದೂ ನುಣುಪು. ನಡುವಿನ ಹಾಳೆಗೆ ಪಟ್ಟಿ ತಂತಿ ಒಂದು ಸುತ್ತೂ ಸರಿಯದೆ ಹೇಗೆ ಸುತ್ತಿದ್ದಳೋ ಹಾಗೇ ಇತ್ತು. ಅದರ ಅಂಚಿನ ಮೇಲೆ ಬೆರಳಾಡಿಸುತ್ತ ಬಂದಾಗ ಒಂದು ಕಡೆ ಸಾಸಿವೆಯಷ್ಟು ಜಾಗ ಒರಟಾಗಿತ್ತು. ಮೂಗಿಗೆ ಹಿಡಿದರೆ ಸುಟ್ಟ ವಾಸನೆ.

ಸಾವಕ್ಕ ಎದ್ದು ಅಂಗಳಕ್ಕೆ ಬಂದಳು. ಹಾಳೆಯನ್ನು ಸೂರ್ಯನಿಗೆ ಅಡ್ಡ ಹಿಡಿದಳು. ಒಳಗೆ ಕಾಣದಿದ್ದದ್ದು ಬೆಳಕಿಗೆ ಹಿಡಿದಾಗ ಅವಳ ಕಣ್ಣಿಗೂ ಕಂಡಿತು. ಹಾಳೆಯ ನಟ್ಟನಡುವೆ, ಈ ಅಂಚಿನಿಂದ ಆ ಅಂಚಿಗೆ, ತಂತಿಯ ಸುತ್ತುಗಳನ್ನೆಲ್ಲ ಹಾಯ್ದು ಹೋದ ಒಂದು ಕಪ್ಪು ಗೆರೆ. ಗೆರೆ ಮುಗಿಯುವ ಕಡೆಯೇ ಆ ಸುಟ್ಟ ಚುಕ್ಕೆ. ತಿಂಗಳು ಪೂರ್ತಿ ಕಾದು ಆರಿ ಹಾಳೆ ಕೂದಲೆಳೆಯಷ್ಟು ಸರಿದು, ನಿನ್ನೆ ಆ ತುದಿ ಕಬ್ಬಿಣಕ್ಕೆ ತಾಗಿರಬೇಕು.

ಪೆನ್ಸಿಲಿನ ಗೆರೆ. ಎಳೆದವಳು ತಾನೇ. ಇಸ್ತ್ರಿ ಪೆಟ್ಟಿಗೆಗಾದರೆ ತಗಡಿನ ಅಳತೆ ಇಟ್ಟು ಕತ್ತರಿಸಿದರೆ ಆಯಿತು. ಇಷ್ಟು ದೊಡ್ಡ ಹೀಟರಿಗೆ ನಡು ಹಿಡಿದು ಗುರುತು ಹಾಕಲೇಬೇಕಿತ್ತು. ಕನ್ನಡಿಯಂಥ ಹಾಳೆಯ ಮೇಲೆ ದಬ್ಬಣದ ಗೀರು ಈಗ ಅವಳಿಗೆ ಕಾಣುತ್ತಿರಲಿಲ್ಲ. ಅದಕ್ಕೇ ಯುಗಾದಿಯ ಮರುದಿನದ ಸಂತೆಯಲ್ಲಿ, ಬಡಿಗೇರರು ಕಿವಿಗೆ ಸಿಕ್ಕಿಸಿಕೊಳ್ಳುವಂಥ ದಪ್ಪ ಪೆನ್ಸಿಲು ಕೊಂಡಿದ್ದಳು. ಪೆನ್ಸಿಲಿನ ಕಪ್ಪಿನಲ್ಲಿ ಕರೆಂಟು ಹರಿಯುತ್ತದೆ ಎಂದು ಅವಳಿಗೆ ಗೊತ್ತಿಲ್ಲವೆಂದಲ್ಲ. ಟಾರ್ಚಿನ ಹಳೆಯ ಸೆಲ್ಲು ಒಡೆದಾಗ ನಡುವೆ ಸಿಗುವ ಕಪ್ಪು ಕಡ್ಡಿಯಲ್ಲಿ ಕರೆಂಟು ಹರಿಯುವುದನ್ನು ಅವಳು ಎಷ್ಟೋ ಸಲ ನೋಡಿದ್ದಾಳೆ. ಆ ಕಡ್ಡಿಯೂ ಈ ಗೆರೆಯೂ ಒಂದೇ ಎಂದು ಮಾತ್ರ ತಲೆಗೆ ಹೊಳೆದಿರಲಿಲ್ಲ. ಜಗತ್ತಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಕರೆಂಟು ತಡೆಯುವ ಹಾಳೆಯ ಮೇಲೆ ಅವಳು ತನ್ನ ಕೈಯಾರೆ ಅದಕ್ಕೊಂದು ದಾರಿ ಹಾಕಿಕೊಟ್ಟಿದ್ದಳು.

"ಏನಿಲ್ಲಲಾ?" ಎಂದಳು ಬಸಕ್ಕ ಹೊಸ್ತಿಲಿಂದ.

ಸಾವಕ್ಕ ಹಾಳೆ ಇಳಿಸಿದಳು. ಸೆರಗಿನಿಂದ ಒಮ್ಮೆ ಒರೆಸಿದರೆ ಸಾಕು, ಹೊರಗೆ ಕಾಣುವ ಗೆರೆಯ ತುದಿ ಇರುವುದಿಲ್ಲ. ಭೂಮಿ ತಂತಿ ಹಾಕಿಸಿ ಎನ್ನಬಹುದು, ಅದು ಸುಳ್ಳೂ ಅಲ್ಲ. ಮಧ್ಯಾಹ್ನದೊಳಗೆ ಡಬ್ಬಿಗೆ ಹೋಗಿ ಕೂರಬಹುದು, ಹದ್ದಿನ ಕಣ್ಣಿನ ಸಾವಕ್ಕನಾಗಿಯೇ. ಗೆರೆಯದನ್ನು ಹೇಳಿದರೆ ಕಣ್ಣಿನದನ್ನೂ ಹೇಳಬೇಕು. ಕಣ್ಣು ಕಾಣದವಳ ಹತ್ತಿರ ಕರೆಂಟಿನ ಸಾಮಾನು ಯಾರು ತರುತ್ತಾರೆ? ತಾನೇ ಗಿರಾಕಿಯಾಗಿದ್ದರೆ ತಾನೂ ತರುತ್ತಿರಲಿಲ್ಲ. ಇಷ್ಟನ್ನೂ ಅವಳು ಅಂಗಳದಲ್ಲಿ ನಿಂತೇ, ಹೆಚ್ಚು ಹೊತ್ತು ತೆಗೆದುಕೊಳ್ಳದೆ ಯೋಚಿಸಿದಳು.

ಒಳಗಿನ ಮೂಲೆಯಿಂದ ಶೈಲಾ, ಎಲೆಯ ಮೇಲಿನ ಕಣ್ಣು ಎತ್ತದೆ ಹೇಳಿದಳು: "ಆಯಿ, ನನ್ನ ಕೈ ಒದ್ದಿ ಇರಲಿಲ್ರಿ."

"ಇರಲಿಲ್ಲ," ಎಂದಳು ಸಾವಕ್ಕ. "ಏಳು. ಇಲ್ಲೆ ಬಾ. ನೀನ ಬರಬೇಕು."

ಅವಳು ಒಂದು ಒಣ ಹಲಗೆಯ ಮೇಲೆ ಹಾಳೆಯನ್ನಿಟ್ಟು, ತಂತಿಯ ಎರಡು ತುದಿಗೆ ವೈರು ಕಟ್ಟಿ, ಎಲ್ಲರನ್ನೂ ಮಾರು ದೂರ ನಿಲ್ಲಿಸಿದಳು. ಶೈಲಾಳನ್ನು ಮಾತ್ರ ತನ್ನ ಬಲಕ್ಕೆ ಕೂರಿಸಿಕೊಂಡಳು. ಬಸಕ್ಕ ಮೇನ್ ಹಾಕಿದಳು. ತಂತಿ ಕೆಂಪಗಾಗುವ ಮೊದಲೇ ಸಾವಕ್ಕ ಟೆಸ್ಟರಿನ ತುದಿಯನ್ನು ಹಾಳೆಯ ಅಂಚಿಗೆ, ಗೆರೆಯಿಲ್ಲದ ಕಡೆ ಇಟ್ಟಳು.

"ಟೆಸ್ಟರ್‌ನ್ಯಾಗ ದೀಪ ಹತ್ತೇತೇನು, ನೋಡಿ ಹೇಳು."

"ಇಲ್ರಿ."

ಗೆರೆ ಮುಗಿಯುವ ಕಡೆಗೆ ಸರಿಸಿದಳು. "ಈಗ?"

ಶೈಲಾ ಬಗ್ಗಿ ನೋಡಿದಳು. "ಹತ್ತೇತ್ರಿ."

ಮೇನ್ ತೆಗೆಸಿದಳು. ಸೀಮೆಎಣ್ಣೆಯ ಬಟ್ಟೆಯಿಂದ ಆ ತುದಿಯನ್ನು ತಿಕ್ಕಿ ಒರೆಸಿ, ಸುಟ್ಟ ಚುಕ್ಕೆಯನ್ನು ಕತ್ತರಿಯಿಂದ ಕತ್ತರಿಸಿ, ಬಟ್ಟೆಯನ್ನು ಹೊರಗೆ ಒಗೆದು, ಮತ್ತೆ ಮೇನ್ ಹಾಕಿಸಿದಳು. ಅದೇ ಜಾಗಕ್ಕೆ ಟೆಸ್ಟರು ಹಿಡಿದಳು. ಈ ಸಲ ಹತ್ತಲಿಲ್ಲ ಎಂದು ಶೈಲಾ ಹೇಳುವ ಮೊದಲೇ ಹಿಂದೆ ನಿಂತವರ ನಡುವೆ ಗುಜುಗುಜು ಎದ್ದಿತು.

ಸಾವಕ್ಕ ಎದ್ದು ನಿಂತು ಸೀರೆ ಸರಿಮಾಡಿಕೊಂಡಳು. ಇಸ್ತ್ರಿ ಪೆಟ್ಟಿಗೆ ಎಷ್ಟೊತ್ತಿಗೆ ಸಿಗುತ್ತದೆ ಎಂದು ಗಿರಾಕಿಗೆ ಹೇಳುವ ಧ್ವನಿಯಲ್ಲೇ ಹೇಳಿದಳು:

"ಆ ಗೆರಿ ಪೆನ್ಸಿಲ್ಲಿಂದು, ಎಳದಾಕಿ ನಾನು. ಕರೆಂಟ್ ಅದರ ಮ್ಯಾಲ ಹಾಯ್ದು ಕಬ್ಬಣಕ್ಕ ಬಂತು, ಕಬ್ಬಣದಿಂದ ಈಕಿ ಕೈಗೆ ಬಂತು. ಈಕಿ ಕೈ ಒಣಗಿತ್ತು ಅಂತನ ಈಕಿ ಇಲ್ಲಿ ಕುಂತಾಳ. ಒದ್ದಿ ಇದ್ದಿದ್ರ ನಾವು ಬ್ಯಾರೆ ಕಡೆ ಕುಂದರತಿದ್ವಿ."

ಮುಬಶಿರಾ ಒಬ್ಬಳೇ ಬಾಯಿಬಿಟ್ಟಳು. "ಟೆಸ್ಟರ್ ನಿಮ್ಮ ಕೈಯಾಗ ಐತಿ. ದೀಪ ಹತ್ತಿದ್ದು ಆಕಿ ಯಾಕ ಹೇಳ್ಬೇಕ್ರಿ, ಆಯಿ? ನಿಮ್ಮದು ಹದ್ದಿನ ಕಣ್ಣು ಅಂತಿದ್ರಲಾ?"

"ನನಗ ಕಾಣಸ್ತಿದ್ರ ನಾ ಪೆನ್ಸಿಲ್ ಯಾಕ ಹಿಡೀತಿದ್ನಿ?"

ಮುಬಶಿರಾ ತನ್ನ ಮಶೀನಿನ ಹಿಡಿಕೆಯನ್ನು ಸುಮ್ಮನೆ ಒರೆಸತೊಡಗಿದಳು. ಬಸಕ್ಕನಿಗೆ ಕೋಪ ಬಂದಿತ್ತು, ಆದರೆ ಯಾರ ಮೇಲೆ ಎಂದು ತಿಳಿಯದೆ ಅವಳು ಹುಬ್ಬಳ್ಳಿಯ ಮೆಕ್ಯಾನಿಕನಿಗೆ ನಾಲ್ಕು ಮಾತು ಬೈದಳು. ನೋಡದೆಯೇ ಹೇಳುತ್ತಾನೆ, ಊಟ ಮಾಡುತ್ತ ಹೇಳುತ್ತಾನೆ, ಅವನ ಮಾತು ಕೇಳಿ ಮನೆಯ ಹುಡುಗಿಯನ್ನು ಅಂದೆವಲ್ಲ ಎಂದಳು. ಸಾವಕ್ಕ ಅದಕ್ಕೂ ಬಿಡಲಿಲ್ಲ. ಅವನೊಬ್ಬನೇ ಅಲ್ಲ, ಇವತ್ತು ಮುಂಜಾನೆ ನಾನೂ ನೋಡದೆಯೇ ಹೇಳಿದೆ, ಅದನ್ನೂ ಲೆಕ್ಕಕ್ಕೆ ಹಿಡಿ ಎಂದಳು. ಆಮೇಲೆ ಶೈಲಾಳ ಕಡೆ ತಿರುಗಿ, ಕ್ಷಮಿಸು ಗಿಮಿಸು ಎನ್ನದೆ, "ಕೈ ಕೊಡು" ಎಂದು ಅವಳ ಬಲಗೈ ಹಿಡಿದು ಐದೂ ಬೆರಳನ್ನು ಒಂದೊಂದಾಗಿ ಮಡಚಿ ಬಿಚ್ಚಿ ನೋಡಿದಳು. ಎಲ್ಲ ಬೆರಳೂ ಹೇಳಿದ ಮಾತು ಕೇಳಿದವು. ಶೈಲಾ ಕೈ ಹಿಂದಕ್ಕೆ ಎಳೆದುಕೊಂಡಳು. ಅವಳ ಮುಖದಲ್ಲಿ ಏನಿತ್ತೆಂದು ಸಾವಕ್ಕನಿಗೆ ಕಾಣಲಿಲ್ಲ.

"ಮುಂಜಾನೆ ಬಸಕ್ಕನ ಮುಂದ ನೀವೂ ಹಂಗ ಅಂದ್ರೇನ್ರಿ, ನನ್ನ ಕೈ ಒದ್ದಿ ಅಂತ?" ಎಂದು ಕೇಳಿದಳು ಶೈಲಾ.

"ಅಂದೆ."

"ಈಗ ಇಲ್ಲ ಅಂತ ಹೇಳಿದ್ದು ಇಷ್ಟ ಮಂದಿಗಿ ಅಷ್ಟ ಕೇಳಸ್ತು. ಕೈಗೇಡಿ ಅಂದದ್ದು ಊರ ತುಂಬ ಐತ್ರಿ."

"ನನ್ನ ಡಬ್ಬಿ ಬಸ್ ಸ್ಟ್ಯಾಂಡ್ ಮುಂದ ಐತಿ," ಎಂದಳು ಸಾವಕ್ಕ. "ನಾಳೆ ಹೊತ್ತು ಮುಳುಗೂದ್ರಾಗ ಕುಂದಗೋಳ ತನಕ ಕೇಳಸ್ತೀನಿ. ನನ್ನ ಬಾಯಿ ನಿನಗ ಗೊತ್ತಿಲ್ಲ."

ಶೈಲಾಳ ಗಂಟಲಿನಿಂದ ಸಣ್ಣದೊಂದು ಸಪ್ಪಳ ಬಂತು. ನಗುವೋ ಏನೋ.

ಸಾವಕ್ಕನಿಗೆ ಆಗ ಇನ್ನೊಂದು ನೆನಪಾಯಿತು. ಯುಗಾದಿಯಿಂದ ಈಚೆಗೆ ರಿಪೇರಿ ಮಾಡಿಕೊಟ್ಟ ಇಸ್ತ್ರಿ ಪೆಟ್ಟಿಗೆಗಳು. ತಗಡಿನ ಅಳತೆ ಇಟ್ಟು ಕತ್ತರಿಸಿದ್ದು ನಿಜ, ಆದರೆ ಎರಡೋ ಮೂರೋ ಹೊಸ ನಮೂನೆಯವಕ್ಕೆ ಅಳತೆ ಕೂಡದೆ ಪೆನ್ಸಿಲು ಮುಟ್ಟಿಸಿದ್ದಳು. ಯಾವುವು ಎಂದು ನೆನಪಿಲ್ಲ. ಬಸಕ್ಕನ ಫೋನಿನಿಂದ ರಮಜಾನನಿಗೆ ಹಚ್ಚಿಸಿ, ನಿಂತಲ್ಲೇ ಹೆಸರು ಹೇಳುತ್ತ ಹೋದಳು. ಗುಡಗೇರಿಯ ಮಾಸ್ತರರು, ರಮಜಾನನ ಹೆಂಡತಿ ಶಬೀನಾನ ತವರುಮನೆ, ಸಂಶಿಯ ಇಬ್ಬರು ಇಸ್ತ್ರಿಯವರು, ಹೀಗೆ ಹನ್ನೊಂದು ಮನೆ. ಬರವಣಿಗೆ ಬಾರದವಳು ಹನ್ನೊಂದನ್ನೂ ನೆನಪಿನಿಂದ ಹೇಳಿದಳು. ಯಾರೂ ಪ್ಲಗ್ಗು ಹಾಕಬಾರದು, ಎಲ್ಲ ಪೆಟ್ಟಿಗೆಯೂ ಡಬ್ಬಿಗೆ ವಾಪಸು ಬರಬೇಕು. ಯಾಕೆ ಅಂತ ಕೇಳಿದರೆ ಏನು ಹೇಳಲಿ ಎಂದು ರಮಜಾನ್ ಕೇಳಿರಬೇಕು. ಸಾವಕ್ಕ ತಪ್ಪು ಮಾಡಿದ್ದಾಳೆ ಅಂತ ಹೇಳು, ಅಷ್ಟೇ ಹೇಳು, ನಿನ್ನ ಕಡೆಯಿಂದ ಉಪ್ಪು ಖಾರ ಸೇರಿಸಬೇಡ ಎಂದಳು. ಆ ಕಡೆ ರಮಜಾನ್ ಒಂದು ಚೇಷ್ಟೆಯನ್ನೂ ಮಾಡದೆ ಹನ್ನೊಂದೂ ಹೆಸರನ್ನು ತಿರುಗಿ ಹೇಳಿ ಒಪ್ಪಿಸಿದ. ಅದೇ ದೊಡ್ಡದು.

ಇನ್ನು ಕೆಲಸ. ತಂತಿಯ ಸುತ್ತಿನ ಕೆಳಗೆ ಗೆರೆ ಇನ್ನೂ ಉಳಿದಿತ್ತು, ಆ ಹಾಳೆಯನ್ನು ಮತ್ತೆ ಹಾಕುವಂತಿರಲಿಲ್ಲ. ಧೋತರ ಬಿಚ್ಚಿ ಹೊಸ ಹಾಳೆ ಹೊರಗೆ ತೆಗೆದಾಗ ಹೆಂಗಸರು ಹತ್ತಿರ ಬಂದರು. ಒಂದು ಗೇಣಿನ ಹಾಳೆ, ತೆಳುವಾದ ಜೇನಿನ ಬಣ್ಣ. ಇಂಥವು ನಾಲ್ಕಿದ್ದವು, ಮೂರು ಈ ಹೀಟರಿಗೇ ಹೋಗಿದ್ದವು, ಇದು ಕಡೆಯದು. ಸಾವಕ್ಕ ಅದನ್ನು ನೀರಿನಲ್ಲಿ ಅದ್ದಿ, ಚಾಕುವಿನ ತುದಿ ತಾಗಿಸಿ, ಉಸಿರು ಹಿಡಿದು ಎರಡು ಪದರ ಬಿಡಿಸಿದಳು. ಅಷ್ಟಕ್ಕೆ ಅವಳಿಗೆ ಕಣ್ಣು ಬೇಕಿರಲಿಲ್ಲ. ಪದರ ಎಲ್ಲಿ ಬಿಡುತ್ತದೆ ಎಂದು ಬೆರಳಿಗೆ ಗೊತ್ತಿತ್ತು. ಒಂದು ಪದರ ಕೆಲಸಕ್ಕೆ, ಇನ್ನೊಂದು ಮತ್ತೆ ಧೋತರಕ್ಕೆ. ಚೆನ್ನಾಗಿ ಒರೆಸಿ, ಬಿಸಿಲಿಗೆ ಹಿಡಿದು ಒಣಗಿಸಿದಳು.

ಆಮೇಲೆ ದಬ್ಬಣ ತೆಗೆದು ಶೈಲಾಳ ಕೈಗೆ ಕೊಟ್ಟಳು.

ಶೈಲಾ ದಬ್ಬಣವನ್ನೂ ಹಾಳೆಯನ್ನೂ ನೋಡಿದಳು. ಬೇಡ ಎನ್ನುವಂತೆ ಬಸಕ್ಕನ ಕಡೆ ನೋಡಿದಳು. ಬಸಕ್ಕ ಬೇರೆ ಕಡೆ ನೋಡಿದಳು. ಸಾವಕ್ಕ ತಂತಿ ಬಿಚ್ಚಿದ ಹಳೆಯ ಹಾಳೆಯನ್ನು ಹೊಸದರ ಮೇಲಿಟ್ಟು ಒತ್ತಿ ಹಿಡಿದಳು, ಅಂಚಿನ ಗುಂಟ ಎಳಿ, ಒತ್ತಬೇಡ, ರಂಗೋಲಿ ಎಳೆಯುವಷ್ಟೇ ಭಾರ ಹಾಕು ಎಂದಳು. ಮೊದಲನೇ ಗೀರು ಸ್ವಲ್ಪ ನಡುಗಿತು. ಅದು ಸಾವಕ್ಕನಿಗೆ ಕಾಣಲಿಲ್ಲ, ಆದರೆ ದಬ್ಬಣದ ಸಪ್ಪಳದಲ್ಲಿ ಕೇಳಿಸಿತು. ಮತ್ತೊಮ್ಮೆ ಎಳೆಸಿದಳು. ಎರಡನೆಯದು ನೆಟ್ಟಗೆ ಬಂತು. ಶೈಲಾ ಗೀರಿನ ಮೇಲೆ ಕಣ್ಣಿಟ್ಟು ಬಲಕ್ಕೆ, ಎಡಕ್ಕೆ ಎಂದಂತೆ ಸಾವಕ್ಕ ಕತ್ತರಿ ಓಡಿಸಿದಳು. ತಂತಿ ಸುತ್ತುವುದು ಮಾತ್ರ ಪೂರ್ತಿ ಅವಳದೇ ಕೆಲಸ. ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ಕಿರುಬೆರಳಿನ ಉಗುರು ಇಟ್ಟು ಅಳೆಯುತ್ತ, ಮಾತಾಡುತ್ತಲೇ ಸುತ್ತಿದಳು. ಮಳೆಯ ಮೆರವಣಿಗೆಯ ಕಥೆ ಹೇಳಿದಳು. ಮದುಮಗನ ಕುದುರೆ ಈ ಸಲ ಹೆದರಿ ನಿಲ್ಲಲಿಲ್ಲ, ಓಡಿಯೇ ಹೋಯಿತು.

ಅಷ್ಟರಲ್ಲಿ ಬಸಕ್ಕ ಊರಿನ ವೈರ್‌ಮನ್ನನ್ನು ಹಿಡಿದು ತಂದು ಭೂಮಿ ತಂತಿ ಹಾಕಿಸಿದಳು. ಹೀಟರು ಕೂತಿತು, ಸ್ಕ್ರೂ ಬಿಗಿಯಾಯಿತು, ಮೇನ್ ಬಿತ್ತು. ವೈರ್‌ಮನ್ ಅಚ್ಚಿಗೆ, ಹಿಡಿಕೆಗೆ, ಕಾಲಿಗೆ ಟೆಸ್ಟರು ಹಿಡಿದು ಏನೂ ಇಲ್ಲ ಎಂದ. ಶೈಲಾ ಅವನ ಕೈಯಿಂದ ಟೆಸ್ಟರು ಇಸಿದುಕೊಂಡು ತಾನೂ ಹಿಡಿದು ನೋಡಿದಳು. ಅಚ್ಚು ಕಾಯುವ ತನಕ ಎಲ್ಲರೂ ನಿಂತರು. ಆಮೇಲೂ ನಿಂತೇ ಇದ್ದರು.

ಸಾವಕ್ಕ ಚಪ್ಪಲಿ ಬಿಟ್ಟಳು. ಎಲೆಗೆ ಚಿಮುಕಿಸುವ ಬಕೆಟ್ಟಿನಲ್ಲಿ ಎರಡೂ ಕೈ ಮಣಿಕಟ್ಟಿನ ತನಕ ಅದ್ದಿ ಎತ್ತಿ, ಒರೆಸಿಕೊಳ್ಳದೆ, ನೀರು ತೊಟ್ಟಿಕ್ಕುತ್ತಿದ್ದಂತೆಯೇ ಹೋಗಿ ಹಿಡಿಕೆ ಹಿಡಿದಳು. ಯಾರೋ ಹಿಂದಿನಿಂದ ಬೇಡ ಬೇ ಎಂದರು. ಅವಳು ಹಿಡಿದು ನಿಂತೇ ಇದ್ದಳು, ಬಸ್ಸಿನಲ್ಲಿ ಕಂಬ ಹಿಡಿದು ನಿಂತವರ ಹಾಗೆ, ಬೇಕಾದಷ್ಟು ಹೊತ್ತು. ಆಮೇಲೆ ಕೈ ಬಿಟ್ಟು ಬದಿಗೆ ಸರಿದಳು.

ಶೈಲಾ ಬಂದು ನಿಂತಳು. ಒಂದು ಎಲೆ ಇಟ್ಟಳು. ಹಿಡಿಕೆಯನ್ನು ಮೊದಲು ಬೆರಳಿನ ಹಿಂಬದಿಯಿಂದ ಮುಟ್ಟಿ, ಆಮೇಲೆ ಮುಷ್ಟಿಯಲ್ಲಿ ಹಿಡಿದು ಜಗ್ಗಿದಳು. ಸುಯ್ ಎಂದು ಆವಿ ಎದ್ದಿತು. ಪತ್ರಾವಳಿ ಹೊರಗೆ ಬಂತು, ಅಂಚು ನೆಟ್ಟಗಿತ್ತು. ಇನ್ನೊಂದು ಇಟ್ಟಳು. ಐದಾರು ಆಗುವಷ್ಟರಲ್ಲಿ ಅವಳ ಕೈಗೆ ಹಳೆಯ ಓಟ ಬಂದಿತ್ತು. ಮುಬಶಿರಾ ತನ್ನ ಮಶೀನಿನಿಂದಲೇ, ಹಿಂಗ ಓಡಿದ್ರ ನನ್ನ ಎಲಿನೂ ನೀನ ತಿಂತಿ, ಸ್ವಲ್ಪ ತಡದು ಜಗ್ಗವಾ ಎಂದಳು. ನಿನ್ನೆ ಕೈಗೇಡಿ ಎಂದವಳೂ ಅವಳೇ.

ಬಸಕ್ಕ ಚಾ ತಂದು ಸಾವಕ್ಕನ ಕೈಗೆ ಕೊಟ್ಟು, ಪಕ್ಕದಲ್ಲಿ ಕೂತು, ದನಿ ಇಳಿಸಿ ಕೇಳಿದಳು: "ಮೊದಲನೇ ಮಶೀನಿನ ಹೀಟರೂ ದೀಪಾವಳಿ ತನಕ ಬಾಳಿಕಿ ಬರೂದು ಅನುಮಾನನ. ಅದನ್ನ ಯಾರ ಕಡೆ ಮಾಡಸ್ಲಿ?"

"ನನ್ನ ಕಡೆನ. ಮತ್ಯಾರ ಅದಾರ?"

"ಕಣ್ಣು?"

"ಹನ್ನೊಂದ ಪೆಟಗಿ ವಾಪಸ್ ಬರ್ಲಿ ಮೊದಲ. ಆಮ್ಯಾಲ ಹುಬ್ಬಳ್ಳಿಗೆ ಹೋಗಿ ಕಣ್ಣಿನ ಪೊರಿ ತಗಿಸ್ಕೊಂಡು ಬರ್ತೀನಿ. ಅಲ್ಲೀ ತನಕ ಗೀರು ಹಾಕಾಕ ಈಕಿನ್ನ ಕಳಿಸ್ಕೊಡು, ವಾರಕ್ಕ ಒಂದ ದಿನ."

"ಆಕಿ ಬರ್ತೀನಂದ್ಳೇನು?"

"ಕೇಳಿಲ್ಲ ಇನ್ನಾ. ಕೆಲಸದಾಗ ಅದಾಳ," ಎಂದು ಸಾವಕ್ಕ ಚಾ ಆರಿಸಿಕೊಂಡಳು.

ಆಗಲೇ ಕರೆಂಟು ಹೋಯಿತು. ಮೇಲಿನ ಬಲ್ಬು ಆರಿತು, ಫ್ಯಾನು ನಿಧಾನವಾಗುತ್ತ ನಿಂತಿತು, ಹೆಂಗಸರು ಒಬ್ಬೊಬ್ಬರಾಗಿ ನಿಟ್ಟುಸಿರು ಬಿಟ್ಟು ಗೋಡೆಗೆ ಒರಗಿದರು. ಶೈಲಾ ಮಾತ್ರ ಅಚ್ಚಿನ ಮೇಲೆ ಅಂಗೈಯನ್ನು ಎರಡು ಬೆರಳಷ್ಟು ಎತ್ತರದಲ್ಲಿ ಹಿಡಿದು ನೋಡಿದಳು. ಕಾವು ಇನ್ನೂ ಇತ್ತು. ಒಂದು ಎಲೆ ಇಟ್ಟು ಹಿಡಿಕೆ ಜಗ್ಗಿದಳು. ಅರೆಗತ್ತಲಲ್ಲಿ ಸುಯ್ ಎಂದು ಆವಿ ಎದ್ದಿತು. ಅವಳು ಪತ್ರಾವಳಿಯನ್ನು ತೆಗೆದು ಗಂಟಿನ ಮೇಲಿಟ್ಟು, ಇನ್ನೊಂದು ಎಲೆಗೆ ಕೈ ಹಾಕಿದಳು.